ಹಂಚಿದ ಚೀಲ, ಹೊಲಿದ ಚೀಲ

ಬಟ್ಟೆಯ ಚೀಲದ ಕುರಿತು ನಮ್ಮ ನಾಡಿನಲ್ಲಿ ಭಾಷಣಗಳಿಗೆ ಬರವಿಲ್ಲ. ಜೂನ್ 5 ಬಂತೆಂದರೆ ಸಾಕು, ಊರೂರಿನಲ್ಲಿ ವೇದಿಕೆ ಸಿದ್ಧವಾಗುತ್ತದೆ. ಗಣ್ಯರು ಪ್ಲಾಸ್ಟಿಕ್ಕಿನ ದುಷ್ಪರಿಣಾಮಗಳನ್ನು ವಿವರಿಸುತ್ತಾರೆ. ಸಾಲಾಗಿ ಕುಳಿತ ಶಾಲಾಮಕ್ಕಳ ಕೈಗೆ ಒಂದೊಂದು ಚೀಲ ಬೀಳುತ್ತದೆ. ಚೀಲದ ಒಂದು ಮಗ್ಗುಲಿಗೆ ಭೂಮಿಯ ಚಿತ್ರ, ಇನ್ನೊಂದು ಮಗ್ಗುಲಿಗೆ ಕೊಟ್ಟವರ ಭಾವಚಿತ್ರ. ಹದಿನೈದು ದಿನ ಕಳೆದ ಮೇಲೆ ಆ ಚೀಲಗಳು ಎಲ್ಲಿವೆ ಎಂದು ತಿಳಿಯಬೇಕಾದರೆ ಊರ ಹೊರಗಿನ ತಿಪ್ಪೆಯನ್ನು ನೋಡಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಇಂಥ ಸಮಾರಂಭಗಳನ್ನು ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತೇನೆ: ಚೀಲ ಹಂಚುವುದನ್ನು ನಿಲ್ಲಿಸಿ, ಚೀಲ ಹೊಲಿಯುವುದನ್ನು ಕಲಿಸಿ. ಅದನ್ನು ಪರಿಸರದ ಋಣ ತೀರಿಸುವ ಕರ್ತವ್ಯವೆಂದು ಬೋಧಿಸದೆ, ಅದು ಒಂದು ಸುಖವೆಂದು ಕಲಿಸಿ. ಏಕೆಂದರೆ ಅದು ನಿಜವಾಗಿಯೂ ಸುಖವೇ.

ಮೊದಲು ಆ ಹಂಚಿದ ಚೀಲದ ಜಾತಕವನ್ನು ನೋಡೋಣ. ಅದು ಬಟ್ಟೆಯಂತೆ ಕಾಣುತ್ತದೆ, ಬಟ್ಟೆಯಂತೆ ಮಡಿಕೆಗೂ ಒಗ್ಗುತ್ತದೆ, ಆದರೆ ಬಟ್ಟೆಯಲ್ಲ. ವ್ಯಾಪಾರಸ್ಥರು ಅದನ್ನು 'ನಾನ್ ವೋವನ್' ಎನ್ನುತ್ತಾರೆ, ಅಂದರೆ ನೇಯದೇ ಇದ್ದದ್ದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ನವಿರಾದ ಎಳೆಗಳಾಗಿ ಎಳೆದು, ಒಂದರ ಮೇಲೊಂದು ಹರಡಿ, ಶಾಖದಿಂದ ಒತ್ತಿ ಅಂಟಿಸಿದ ಹಾಳೆ ಅದು. ಅದಕ್ಕೆ ಹಾಸಿಲ್ಲ, ಹೊಕ್ಕಿಲ್ಲ. ಅಂಚನ್ನು ಕತ್ತರಿಸಿ ಒಂದು ನೂಲನ್ನು ಬಿಡಿಸಲು ಯತ್ನಿಸಿ, ಬರುವುದಿಲ್ಲ. ಒಂದು ತುಣುಕಿಗೆ ಬೆಂಕಿ ತಾಗಿಸಿದರೆ ಹತ್ತಿಯಂತೆ ಬೂದಿಯಾಗದೆ ಕರಗಿ ಉಂಡೆಗಟ್ಟುತ್ತದೆ. ಬಿಸಿಲಿನಲ್ಲಿ ಬಿದ್ದಿದ್ದರೆ ಕಾಲಾಂತರದಲ್ಲಿ ಪುಡಿಯಾಗಿ ಮಣ್ಣನ್ನು ಸೇರುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಇದು ನನ್ನೊಬ್ಬನ ಮಾತಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಿದ್ದುಪಡಿ ಮಾಡಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಚೀಲವನ್ನು ಪ್ಲಾಸ್ಟಿಕ್ಕಿನ ಸಾಲಿಗೇ ಸೇರಿಸಿ, ಅದು ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗಬಾರದೆಂದು ವಿಧಿಸಿವೆ. ನಮ್ಮ ರಾಜ್ಯವಂತೂ 2016ರ ಮಾರ್ಚಿನಲ್ಲಿಯೇ ದಪ್ಪ, ತೆಳು ಎಂಬ ಭೇದವಿಲ್ಲದೆ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತ್ತು. ನಿಷೇಧಕ್ಕೊಳಗಾದ ಪ್ಲಾಸ್ಟಿಕ್ಕು ವೇಷ ಬದಲಿಸಿಕೊಂಡು, ಪರಿಸರ ದಿನದ ವೇದಿಕೆಗೇ ಮುಖ್ಯ ಅತಿಥಿಯಾಗಿ ಬಂದು ಕುಳಿತಿದೆ!

"ಹಾಗಾದರೆ ಅಪ್ಪಟ ಹತ್ತಿಯ ಚೀಲವನ್ನೇ ಕೊಂಡು ಹಂಚಿದರಾಯಿತು" ಎನ್ನುವ ಸಜ್ಜನರಿದ್ದಾರೆ. ಅವರಿಗೆ ಗಣಿತದ ಮಾಸ್ತರನಾಗಿ ಒಂದು ಲೆಕ್ಕ ಒಪ್ಪಿಸುತ್ತೇನೆ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಹತ್ತಿಯ ಚೀಲವೊಂದನ್ನು 131 ಬಾರಿ ಬಳಸಿದಾಗ ಮಾತ್ರ ಹವಾಮಾನದ ಮೇಲೆ ಅದು ಹೊರಿಸುವ ಭಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲದ ಭಾರಕ್ಕಿಂತ ಕೆಳಗಿಳಿಯುತ್ತದೆ. ವಾರಕ್ಕೊಂದು ಸಂತೆಯೆಂದು ಹಿಡಿದರೆ ಎರಡೂವರೆ ವರ್ಷವಾಯಿತು. ಡೆನ್ಮಾರ್ಕಿನ ಪರಿಸರ ಸಂಸ್ಥೆಯ 2018ರ ಅಧ್ಯಯನ ಇನ್ನೂ ನಿಷ್ಠುರ. ಹವಾಮಾನವೊಂದನ್ನೇ ಪರಿಗಣಿಸಿದರೆ 52 ಬಾರಿ ಸಾಕು, ಎಲ್ಲ ಬಗೆಯ ಹಾನಿಗಳನ್ನೂ ಲೆಕ್ಕಕ್ಕೆ ಹಿಡಿದರೆ 7100 ಬಾರಿ ಬೇಕು. ದಿನಕ್ಕೊಮ್ಮೆ ಹಿಡಿದು ಹೋದರೂ ಹತ್ತೊಂಬತ್ತು ವರ್ಷ ದಾಟುತ್ತದೆ! ಹತ್ತಿ ನೀರನ್ನೂ ಔಷಧಿಯನ್ನೂ ಬೇಡುವ ಬೆಳೆ. ನಮ್ಮ ಎರೆ ಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಪ್ಲಾಸ್ಟಿಕ್ಕಿನ ವಕೀಲರು ಈ ಅಂಕಿಗಳನ್ನು ಹಿಡಿದು ನಗುತ್ತಾರೆ. ಆದರೆ ಅವರು ಹೇಳದೆ ಬಿಡುವ ಸಂಗತಿಗಳು ಎರಡಿವೆ. ಒಂದು, ಚರಂಡಿಯನ್ನು ಕಟ್ಟಿಹಾಕುವ, ಬೀದಿ ದನದ ಹೊಟ್ಟೆ ಸೇರುವ ಕಸದ ಹಾನಿ ಆ ಅಧ್ಯಯನಗಳ ಲೆಕ್ಕದಲ್ಲಿ ಇಲ್ಲ. ಎರಡು, ಆ ಲೆಕ್ಕಗಳೆಲ್ಲ ಚೀಲಕ್ಕೆಂದೇ ಬೆಳೆದ ಹೊಸ ಹತ್ತಿಯವು. ನಮ್ಮ ಟ್ರಂಕಿನ ತಳದಲ್ಲಿ ಮಲಗಿರುವ ಧೋತರ, ಕಾಲರು ಸವೆದ ಅಂಗಿ, ಒಡಲು ಹರಿದು ಅಂಚು ಗಟ್ಟಿಯಾಗಿಯೇ ಉಳಿದಿರುವ ಸೀರೆ, ಇವುಗಳ ಹತ್ತಿ ಬೇರೊಂದು ಕಾರಣಕ್ಕೆ ಬೆಳೆದು, ಬೇರೊಂದು ಬಾಳನ್ನು ಬಾಳಿ ಮುಗಿಸಿದೆ. ಅದರಿಂದ ಹೊಲಿದ ಚೀಲಕ್ಕಾಗಿ ಯಾವ ಹೊಲವನ್ನೂ ಹೊಸದಾಗಿ ಬಿತ್ತಬೇಕಿಲ್ಲ.

ಅದಿರಲಿ, ಒಂದೇ ಚೀಲವನ್ನು 131 ಬಾರಿ ಬಳಸುವವರು ಯಾರು? ಪುಕ್ಕಟೆ ಪಡೆದವನು ಬಳಸುವುದಿಲ್ಲ, ಏಕೆಂದರೆ ಇನ್ನೊಂದು ಪುಕ್ಕಟೆ ಸಿಗುತ್ತದೆಂದು ಅವನಿಗೆ ಗೊತ್ತು. ಭಾಷಣ ಕೇಳಿ ಅಳುಕಿನಿಂದ ಕೊಂಡವನು ಮೂರು ದಿನ ಬಳಸುತ್ತಾನೆ. ತಾನೇ ಬಟ್ಟೆ ಆರಿಸಿ, ಅಳೆದು, ಕತ್ತರಿಸಿ, ಬೆರಳಿಗೆ ಎರಡು ಬಾರಿ ಸೂಜಿ ಚುಚ್ಚಿಸಿಕೊಂಡು ಹೊಲಿದವನು ಮಾತ್ರ ಅದನ್ನು ವರ್ಷಗಟ್ಟಲೆ ಬಳಸುತ್ತಾನೆ. ಹರಿದರೆ ತೇಪೆ ಹಾಕುತ್ತಾನೆ, ಮರೆತು ಬಂದರೆ ಹಿಂದಿರುಗಿ ಹೋಗಿ ತರುತ್ತಾನೆ. ಚೀಲವನ್ನು ಬಾಳಿಸುವುದು ಅದರ ಮೇಲಿನ ಘೋಷಣೆಯಲ್ಲ, ಅದನ್ನು ಮಾಡಿದಾಗ ಪಟ್ಟ ಸುಖ. ನಮ್ಮ ಪರಿಸರ ಬೋಧಕರು ಕೈಬಿಟ್ಟಿರುವುದು ಈ ಸುಖವನ್ನೇ.

ಆ ಸುಖ ಎಂಥದು ಎನ್ನುವಿರಾ? ಅದು ಸೂಜಿ ಹಿಡಿಯುವುದಕ್ಕಿಂತ ಮುಂಚೆಯೇ ಮೊದಲಾಗುತ್ತದೆ. ಈ ಚೀಲ ಏನನ್ನು ಹೊರಬೇಕು? ಕಾಯಿಪಲ್ಲೆಯನ್ನೋ, ಗ್ರಂಥಾಲಯದ ಪುಸ್ತಕವನ್ನೋ, ಬುತ್ತಿಯ ಡಬ್ಬಿಯನ್ನೋ? ಕಾಯಿಪಲ್ಲೆಗಾದರೆ ತಳ ಅಗಲವಾಗಿರಬೇಕು, ಇಲ್ಲದಿದ್ದರೆ ಟೊಮೇಟೊ ಹಣ್ಣು ಗಜ್ಜರಿಯ ಕೆಳಗೆ ಸಿಕ್ಕು ಅಪ್ಪಚ್ಚಿಯಾಗುತ್ತದೆ. ಪುಸ್ತಕಕ್ಕಾದರೆ ಎರಡು ಪದರು ಬೇಕು. ಕೈಯಲ್ಲಿ ತೂಗಿ ಹಿಡಿಯುವವನು ಎಷ್ಟು ಎತ್ತರದವನು? ಹಿಡಿಕೆ ಉದ್ದವಾದರೆ ಚೀಲ ನೆಲಕ್ಕೆ ಉಜ್ಜುತ್ತದೆ, ಗಿಡ್ಡವಾದರೆ ಹೆಗಲಿಗೇರುವುದಿಲ್ಲ. ಇವೆಲ್ಲವನ್ನೂ ಯೋಚಿಸಿ ಇರುವ ಬಟ್ಟೆಯಲ್ಲಿಯೇ ಹೊಂದಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಕಲಿಸಲಾರದು. ಹಳೆಯ ಅಂಗಿಯಾದರೆ ಅದರ ಎದೆಯ ಜೇಬನ್ನು ಬಿಚ್ಚದೆ ಹಾಗೆಯೇ ಉಳಿಸಿಕೊಳ್ಳುವುದು ನನ್ನ ಪದ್ಧತಿ. ಚೀಲದ ಹೊರಮೈಯಲ್ಲಿ ಚಿಲ್ಲರೆಗೂ ಸಾಮಾನಿನ ಚೀಟಿಗೂ ಸಿದ್ಧ ಜಾಗ.

ನಮ್ಮ ಕಡೆ 'ಪಿಶವಿ' ಎನ್ನುವ ಸಂತೆಯ ಚೀಲದ ಅಳತೆಯನ್ನು ಕೊಡುತ್ತೇನೆ, ಆಸಕ್ತರು ಪ್ರಯತ್ನಿಸಬಹುದು. 38 ಸೆಂಟಿಮೀಟರ್ ಅಗಲ, 84 ಸೆಂಟಿಮೀಟರ್ ಉದ್ದದ ಒಂದೇ ತುಂಡು ಸಾಕು. ಬಾಯಿಯ ಅಂಚನ್ನು ಎರಡೂ ತುದಿಗೆ 4 ಸೆಂಟಿಮೀಟರ್ ಮಡಚಿ ಹೊಲಿದು, ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ನಡುವೆ ಮಡಚಿ, ಎರಡು ಮಗ್ಗುಲಿಗೂ ಒಂದೂವರೆ ಸೆಂಟಿಮೀಟರ್ ಬಿಟ್ಟು ಹೊಲಿದರೆ 35 ಅಗಲ, 38 ಎತ್ತರದ ಚಪ್ಪಟೆ ಚೀಲವಾಗುತ್ತದೆ. ಇನ್ನು ತಳಕ್ಕೆ ಅಗಲ ಕೊಡುವುದು ಹೇಗೆ? ಕೆಳಮೂಲೆಯನ್ನು ತ್ರಿಕೋನದಂತೆ ಚೂಪಾಗಿ ಹಿಡಿದು, ತುದಿಯಿಂದ 5 ಸೆಂಟಿಮೀಟರ್ ಒಳಗೆ ಅಡ್ಡಗೆರೆ ಎಳೆದರೆ ಆ ಗೆರೆ ಸರಿಯಾಗಿ 10 ಸೆಂಟಿಮೀಟರ್ ಉದ್ದವಿರುತ್ತದೆ. ಸಮದ್ವಿಬಾಹು ಲಂಬಕೋನ ತ್ರಿಭುಜದ ವಿಕರ್ಣ ಅದರ ಎತ್ತರದ ಎರಡರಷ್ಟು ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಸಾಧಿಸಿ ತೋರಿಸಿದರೂ ಮಕ್ಕಳ ಕಣ್ಣಲ್ಲಿ ಬೆಳಕು ಮೂಡುತ್ತಿರಲಿಲ್ಲ. ಇಲ್ಲಿ ಅದು ಬೆರಳ ತುದಿಗೇ ಸಿಗುತ್ತದೆ. ಆ ಗೆರೆಯ ಮೇಲೆ ಎರಡೂ ಮೂಲೆ ಹೊಲಿದರೆ ಚೀಲ 25 ಅಗಲ, 33 ಎತ್ತರ, 10 ದಪ್ಪದ ಪೆಟ್ಟಿಗೆಯಾಗಿ ನಿಲ್ಲುತ್ತದೆ. ಗುಣಿಸಿ ನೋಡಿ: ಎಂಟೂಕಾಲು ಲೀಟರು!

ಇನ್ನು ಹೊಲಿಗೆ. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನನಗೆ ಸೂಜಿ ಹಿಡಿಯಲು ಕಲಿಸಿದವಳು ಅವಳೇ. "ಮೊಳದ ಮ್ಯಾಲೆ ದಾರ ಏರಸಬ್ಯಾಡೊ, ಗಂಟ ಬೀಳತಾವು" ಎನ್ನುತ್ತಿದ್ದಳು. ಇಂದಿಗೂ ದಾರವನ್ನು ಮೊಳಕೈಗೆ ಹಿಡಿದೇ ಕತ್ತರಿಸುತ್ತೇನೆ. ಮಗ್ಗುಲಿಗೆ ಹಿಂಹೊಲಿಗೆಯೇ ಆಗಬೇಕು: ಪ್ರತಿ ಸಲ ಸೂಜಿ ಹಿಂದಿನ ಹೊಲಿಗೆಯ ಕೊನೆಗೆ ಹಿಂದಿರುಗಿ ಇಳಿದು, ಮುಂದಕ್ಕೆ ಎರಡರಷ್ಟು ದೂರ ಹೋಗಿ ಏಳಬೇಕು. ಅಕ್ಕಿಯ ಚೀಲದ ಬಾಯಿಯನ್ನು ನೋಡಿದ್ದೀರಲ್ಲ? ಸರಿಯಾದ ಎಳೆ ಹಿಡಿದು ಜಗ್ಗಿದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಿಚ್ಚುವುದಕ್ಕೆಂದೇ ಹಾಕಿದ ಸರಪಳಿ ಹೊಲಿಗೆ ಅದು. ಹಿಂಹೊಲಿಗೆ ಹಾಗಲ್ಲ. ನಡುವೆ ಒಂದು ಕಡೆ ದಾರ ಕಡಿದರೂ ಆಚೀಚಿನ ಹೊಲಿಗೆಗಳು ತಮ್ಮ ಬಿಗಿಯನ್ನು ಬಿಡುವುದಿಲ್ಲ. ಹಿಡಿಕೆಗೆ ಧೋತರದ ಅಂಚು ಶ್ರೇಷ್ಠ, ಅಲ್ಲಿ ನೇಯ್ಗೆ ಒತ್ತಾಗಿರುತ್ತದೆ. ಅದರ ತುದಿಯನ್ನು ಚೀಲದ ಒಳಮೈಗೆ ನಾಲ್ಕು ಬೆರಳಷ್ಟು ಇಳಿಸಿ, ಸುತ್ತಲೂ ಚೌಕವಾಗಿ ಹೊಲಿದು, ನಡುವೆ ಗುಣಾಕಾರದ ಚಿಹ್ನೆ ಹಾಕಬೇಕು. ಆಗ ಭಾರ ಒಂದೇ ಎಳೆಯ ಮೇಲೆ ಬೀಳದೆ ಹಂಚಿಹೋಗುತ್ತದೆ.

ಬೆಳಗಿನ ಎಳೆಬಿಸಿಲಿನಲ್ಲಿ ಕಟ್ಟೆಯ ಮೇಲೆ ಕುಳಿತು ಹೀಗೆ ಹೊಲಿಯುತ್ತಿದ್ದರೆ ಮನಸ್ಸು ತಾನಾಗಿಯೇ ಒಂದು ಲಯಕ್ಕೆ ಬರುತ್ತದೆ. ರೇಡಿಯೋ ಕೇಳಬಹುದು, ಮೊಮ್ಮಗಳೊಂದಿಗೆ ಹರಟಬಹುದು, ಸುಮ್ಮನೆಯೂ ಇರಬಹುದು. ಎಲ್ಲಕ್ಕಿಂತ ದೊಡ್ಡ ಸುಖ ಕೊನೆಯದು. ಇಷ್ಟು ಹೊತ್ತು ಒಳಮೈ ಹೊರಗಾಗಿ, ಅಂಚಿನ ಚುಂಗುಗಳೆಲ್ಲ ಕಾಣುತ್ತ ಅಂದಗೆಟ್ಟಿದ್ದ ವಸ್ತುವಿನ ಬಾಯೊಳಗೆ ಕೈ ಹಾಕಿ, ಮೂಲೆ ಹಿಡಿದು ಎಳೆದು ಮಗುಚಿದರೆ, ಒಮ್ಮೆಲೇ ಚೀಲ! ಆ ಕ್ಷಣದಲ್ಲಿ ಅರವತ್ತು ದಾಟಿದವನೂ ಐದನೆಯ ಇಯತ್ತೆಯ ಹುಡುಗನಾಗುತ್ತಾನೆ. ಆಮೇಲಿನ ಸಣ್ಣ ಸಂತೋಷಗಳಿಗಂತೂ ಕೊನೆಯಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವಾಕೆ ತಕ್ಕಡಿ ಹಿಡಿದೇ, "ಪಿಶವಿ ಭಾಳ ಚಂದ ಐತ್ರೀ ಸರ, ಯಾರ ಕಡೆ ಹೊಲಿಸೀರಿ?" ಎಂದು ಕೇಳಿದಳು. "ನಾನs ಹೊಲದೀನವ್ವಾ" ಎಂದೆ. ಆಕೆ ನಂಬಲಿಲ್ಲ!

ಆಕೆ ನಂಬದಿರುವುದಕ್ಕೆ ಕಾರಣವಿದೆ, ಮತ್ತು ಅದೇ ನನ್ನ ಎರಡನೆಯ ತಕರಾರು. ನಾನು ಕಟ್ಟೆಯ ಮೇಲೆ ಸೂಜಿ ಹಿಡಿದು ಕುಳಿತಾಗ ಹಾದುಹೋಗುವ ಹಳೆಯ ವಿದ್ಯಾರ್ಥಿಗಳು ಕಳವಳದಿಂದ ಕೇಳುತ್ತಾರೆ: "ಯಾಕ್ರೀ ಸರ, ಮನ್ಯಾಗ ಅಕ್ಕಾವ್ರಿಗೆ ಆರಾಮ ಇಲ್ಲೇನ್ರೀ?" ಗಂಡಸು ಸೂಜಿ ಹಿಡಿಯಬೇಕಾದರೆ ಮನೆಯ ಹೆಂಗಸು ಹಾಸಿಗೆ ಹಿಡಿದಿರಲೇಬೇಕು ಎಂಬುದು ಲೋಕದ ತರ್ಕ! ಆದರೆ ನಮ್ಮ ಪೇಟೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಸಿಂಪಿಗರೆಲ್ಲ ಗಂಡಸರೇ ಅಲ್ಲವೆ? ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರು ಇರಲಿಲ್ಲವೆ? ಹಣ ತಂದಾಗ ಹೊಲಿಗೆ ಗಂಡಸಿನ ಕಸುಬು, ಹಣ ತಾರದಿದ್ದಾಗ ಹೆಂಗಸಿನ ಕರ್ತವ್ಯ. ಹಿಂದೆ ಅನೇಕ ಶಾಲೆಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ತೋಟಗಾರಿಕೆ ಎಂದು ವೇಳಾಪಟ್ಟಿ ಹಾಕುತ್ತಿದ್ದುದು ಈ ಕುತರ್ಕವನ್ನೇ ಗಟ್ಟಿ ಮಾಡಿತು. ಅದರಿಂದ ಹುಡುಗಿಯರಿಗೆ ಒಂದು ಸುಖ ಹೊರೆಯಾಗಿ ಬಂತು, ಹುಡುಗರಿಗೆ ಬರಲೇ ಇಲ್ಲ. ಅಂಗಿಯ ಗುಂಡಿ ಕಿತ್ತುಬಂದರೆ ಅಂಗಿಯನ್ನೇ ಮೂಲೆಗೆಸೆಯುವ ಇಂಜಿನಿಯರುಗಳನ್ನು ನಾವು ಸಿದ್ಧಪಡಿಸಿದ್ದೇವೆ.

ಸೂಜಿ ಅಲ್ಪರ ಕೆಲಸವೆಂದು ಮೂಗು ಮುರಿಯುವವರು ನಮ್ಮ ನಾಡಿನ ಹೆಂಗಳೆಯರ ಕೈಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಲಿ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಕ್ರಮವಿಲ್ಲ. ಎಳೆ ಎಣಿಸಿ ಎಣಿಸಿಯೇ ಗೋಪುರ, ರಥ, ತುಳಸಿಕಟ್ಟೆಗಳನ್ನು ಎಬ್ಬಿಸುತ್ತಾರೆ. ಅದರ ಗವಂತಿ ಹೊಲಿಗೆ ಬಟ್ಟೆಯ ಎರಡು ಮೈಗೂ ಒಂದೇ ಸಮನಾಗಿ ಕಾಣುತ್ತದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿದು ಕವಂದಿ ಮಾಡುತ್ತಾರೆ. ನಮ್ಮ ಬಯಲುಸೀಮೆಯ ಕೌದಿಯಂತೂ ಒಂದು ಮನೆತನದ ಚರಿತ್ರೆ: ಅಜ್ಜನ ಧೋತರ, ಸೋದರತ್ತೆಯ ಸೀರೆ, ತೀರಿಹೋದ ಕೂಸಿನ ಕುಲಾಯಿ ಎಲ್ಲವೂ ಅದರಲ್ಲಿ ಪಕ್ಕಪಕ್ಕ ಕುಳಿತಿರುತ್ತವೆ. ಚೀಲವೂ ಅಲ್ಪವಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಇಂದಿಗೂ ನಾವು ಅವಳನ್ನು ಆ ಚೀಲದ ಹೆಸರಿನಿಂದಲೇ, ಸಂಚಿಯ ಹೊನ್ನಮ್ಮನೆಂದೇ ಕರೆಯುತ್ತೇವೆ.

ಈ ವಿದ್ಯೆಯನ್ನು ಶಾಲೆಯೊಳಗೆ ತರಬೇಕೆಂದು ಹೇಳಿದವರಲ್ಲಿ ನಾನು ಮೊದಲಿಗನೇನಲ್ಲ. ಕೈಕಸುಬನ್ನು ನಡುವೆ ಇಟ್ಟುಕೊಂಡೇ ಶಿಕ್ಷಣ ನಡೆಯಬೇಕೆಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಪ್ರತಿಪಾದಿಸಿದರು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 1964-66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಮರುನಾಮಕರಣ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೆಯ ತರಗತಿಯೊಳಗೆ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಂದು ಸ್ಥಳೀಯ ಕಸುಬುದಾರರಿಂದ ಕಲಿಯಲಿ ಎಂದಿತು. ಹೆಸರುಗಳು ಬದಲಾದವು, ವರದಿಗಳ ಬೈಂಡು ಬದಲಾಯಿತು. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಆ ಒಂದು ಅವಧಿ ಮಾತ್ರ ಎಂದಿಗೂ ಅನಾಥ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಬಂದೊಡನೆ ಮೊದಲು ಕಳೆದುಹೋಗುವುದು ಅದೇ. ಕಸುಬಿನ ಶಿಕ್ಷಕಿ ನಿವೃತ್ತಳಾದರೆ ಆ ಜಾಗಕ್ಕೆ ಇನ್ನೊಬ್ಬರು ಬಾರದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ಬಹಳ ಸರಳ. ಆ ಬ್ಯಾಗಿಲ್ಲದ ದಿನಗಳಲ್ಲಿ ಮಕ್ಕಳು ಬ್ಯಾಗು ಹೊಲಿಯಲಿ! ಮನೆಯಿಂದ ಒಂದು ಹಳೆಯ ಬಟ್ಟೆ ತರಲಿ. ಶಾಲೆ ಸೂಜಿ, ದಾರ ಕೊಡಲಿ. ಚೀಲ ಹಂಚುವ ಒಂದು ಸಮಾರಂಭದ ಹೂಗುಚ್ಛದ ಖರ್ಚಿನಲ್ಲಿ ಒಂದು ತರಗತಿಗೆ ಸಾಕಾಗುವಷ್ಟು ಸೂಜಿ ಬರುತ್ತವೆ. ಪೇಟೆಯ ಸಿಂಪಿಗರೊಬ್ಬರನ್ನು ಗೌರವದಿಂದ ಕರೆದು, ಗೌರವಧನ ಕೊಟ್ಟು, ಗುರುಗಳ ಕುರ್ಚಿಯಲ್ಲಿ ಕೂಡ್ರಿಸಿ. ಸೂಜಿಗಳನ್ನು ಉತ್ತರಪತ್ರಿಕೆಗಳಂತೆ ಎಣಿಸಿ ಕೊಟ್ಟು, ಎಣಿಸಿ ಹಿಂಪಡೆಯಿರಿ. ಹುಡುಗರು, ಹುಡುಗಿಯರು ಒಂದೇ ಸಾಲಿನಲ್ಲಿ ಕುಳಿತು ಹೊಲಿಯಲಿ. ದಯವಿಟ್ಟು ಅಂಕ ಮಾತ್ರ ಕೊಡಬೇಡಿ. ಪರೀಕ್ಷೆ ಬೇಕೇ ಬೇಕೆಂದರೆ ಬಿಸಿಯೂಟದ ಕೋಣೆಯಿಂದ ಮೂರು ಕಿಲೋ ಬೇಳೆ ತುಂಬಿಸಿ ಶಾಲೆಯ ಗೇಟಿನವರೆಗೆ ಹೋಗಿ ಬರಲು ಹೇಳಿ. ಹಿಡಿಕೆ ಕಿತ್ತುಬಂದರೆ ಮೌಲ್ಯಮಾಪಕರು ಬೇಕಿಲ್ಲ, ಎಲ್ಲಿ ತಪ್ಪಿತೆಂದು ಮಗುವಿಗೇ ಕಾಣುತ್ತದೆ. ಕೆಂಪು ಶಾಯಿಯಿಲ್ಲದೆ, ಅವಮಾನವಿಲ್ಲದೆ, ಬಿಚ್ಚಿ ಮತ್ತೆ ಹೊಲಿಯಬಹುದಾದ ತಪ್ಪು! ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಇಂಥ ತಪ್ಪು ಮಾಡುವ ಅವಕಾಶವೇ ಇಲ್ಲವಾಗಿದೆ. ಸೋತ ಲೆಕ್ಕವನ್ನು ಮತ್ತೆ ಮಾಡುವ ಧೈರ್ಯವಿಲ್ಲದೆ ಪುಸ್ತಕ ಮುಚ್ಚಿದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ನೆನಪೇ ಈ ಲೇಖನವನ್ನು ಬರೆಸಿತೆಂದರೂ ಸಲ್ಲುತ್ತದೆ.

ಆಕ್ಷೇಪಗಳು ಬಂದೇ ಬರುತ್ತವೆ. "ಎಲ್ಲರೂ ತಾವೇ ಹೊಲಿದುಕೊಂಡರೆ ಸಿಂಪಿಗರ ಗತಿಯೇನು?" ಮನೆಯಲ್ಲಿ ಅಡಿಗೆ ಮಾಡುವುದರಿಂದ ಖಾನಾವಳಿಗಳು ಮುಚ್ಚಿಲ್ಲ. ಹೊಲಿಗೆ ಬಲ್ಲವನೇ ಸಿಂಪಿಗನ ಕೈಯ ಬೆಲೆಯನ್ನು ಅರಿತು ಚೌಕಾಸಿ ಬಿಡುತ್ತಾನೆ. ಅವರ ಹೊಟ್ಟೆಯ ಮೇಲೆ ಹೊಡೆದದ್ದು ಕೈಹೊಲಿಗೆಯಲ್ಲ, ಅಗ್ಗದ ಸಿದ್ಧ ಉಡುಪು. "ಸಮಯವೆಲ್ಲಿದೆ?" ಎನ್ನುವವರು ರಾತ್ರಿ ಮೊಬೈಲಿನ ಮುಂದೆ ಕಳೆದ ಗಂಟೆಗಳನ್ನು ಕೂಡಿಸಿ ನೋಡಲಿ. ನಾಲ್ಕು ಸಂಜೆ ಸಾಕು ಒಂದು ಪಿಶವಿಗೆ. "ಯಂತ್ರದಲ್ಲಿ ಹತ್ತು ನಿಮಿಷದ ಕೆಲಸವಲ್ಲವೆ?" ಹೌದು, ನೂರು ಚೀಲ ಬೇಕಾದವರು ಯಂತ್ರಕ್ಕೇ ಹೋಗಲಿ. ಒಂದು ಚೀಲ ಬೇಕಾದವನಿಗೆ ಅವಸರವೇಕೆ?

ಮುಖ್ಯೋಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಜೂನ್ 5ರಂದು ಯಾರಾದರೂ ಚೀಲದ ಗಂಟು ಹೊತ್ತು ಶಾಲೆಯ ಬಾಗಿಲಿಗೆ ಬಂದರೆ, ಚಹಾ ಕೊಟ್ಟು, ವಂದಿಸಿ, ಗಂಟನ್ನು ಹಿಂದಕ್ಕೆ ಕಳಿಸಿ. ಕೊಡಲೇಬೇಕೆಂದು ಅವರು ಹಟ ಹಿಡಿದರೆ ಒಂದು ಡಬ್ಬಿ ಸೂಜಿ, ಹತ್ತು ರೀಲು ದಾರ, ನಾಲ್ಕು ಒಳ್ಳೆಯ ಕತ್ತರಿ ಕೊಡಲು ಹೇಳಿ. ಅವುಗಳ ಮೇಲೆ ಭಾವಚಿತ್ರ ಅಚ್ಚು ಹಾಕಿಸಲು ಜಾಗವಿರುವುದಿಲ್ಲವೆಂಬುದನ್ನೂ ಮೊದಲೇ ತಿಳಿಸಿಬಿಡಿ.